ಬಾವಿ ನೀರು ತಿಳಿಯಾಯಿತೆಂದು ನಂಬಿ ಕುಡಿಯಬೇಡಿ

ಉಡುಪಿ ಕಡೆಯ ನಮ್ಮ ಮನೆಯ ಬಾವಿಗೆ ಕಳೆದ ಬೇಸಿಗೆಯಲ್ಲಿ ಪೆಟ್ರೋಲ್ ಇಳಿಯಿತು. ಮೊದಲು ಗೊತ್ತಾದದ್ದು ಅಮ್ಮನಿಗೆ, ಗಂಜಿ ಬೇಯುವಾಗ ಬಂದ ವಾಸನೆಯಿಂದ. ಕೊಡಪಾನದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಮುರಕಲ್ಲಿನ ನೆಲ ಅಲ್ವಾ, ಕಬ್ಬಿಣದ ಅಂಶ ಇರಬೇಕು ಅಂತ ಹೇಳಿ ಹದಿನೈದು ದಿನ ಕಳೆದೆ. ಕಡ್ಡಿಯಲ್ಲಿ ಕಲಕಿದ್ದರೆ ಅವತ್ತೇ ತಿಳಿಯುತ್ತಿತ್ತು. ಕಬ್ಬಿಣದ ಪೊರೆ ಒಡೆದ ಗಾಜಿನ ಹಾಗೆ ಚೂರಾಗಿ ನಿಲ್ಲುತ್ತದೆ, ಎಣ್ಣೆಯದು ತಕ್ಷಣ ಮತ್ತೆ ಕೂಡಿಕೊಳ್ಳುತ್ತದೆ. ನಮ್ಮದು ಕೂಡಿಕೊಂಡಿತು. ಮೇಲಿನ ಬಂಕಿನ ನೆಲದಡಿಯ ಟ್ಯಾಂಕ್ ಸೋರುತ್ತಿತ್ತು.

ಸ್ವಚ್ಛ ಮಾಡಿಕೊಡುತ್ತೇವೆ ಅಂತ ಬಂದವರು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ನಾರಿನ ಬಿಳಿ ಹಾಳೆಗಳನ್ನು ಹಗ್ಗ ಕಟ್ಟಿ ಬಾವಿಗೆ ಬಿಟ್ಟರು. ಅವು ನೀರು ಹೀರುವುದಿಲ್ಲ, ಎಣ್ಣೆ ಹೀರುತ್ತವೆ. ಬೂರುಗದ ಹತ್ತಿಗೂ ಇದೇ ಗುಣ ಇದೆ. ಮೇಲೆತ್ತಿದಾಗ ಹಾಳೆಗಳು ಹಳದಿಗಟ್ಟಿ, ಹಿಂಡಿದರೆ ಜಿನುಗುವಷ್ಟು ತೋಯ್ದಿದ್ದವು. ನಾಲ್ಕನೇ ಸಲ ಬದಲಿಸುವ ಹೊತ್ತಿಗೆ ಪೊರೆ ಇರಲಿಲ್ಲ. "ಇನ್ನು ಧೈರ್ಯವಾಗಿ ಕುಡೀರಿ ಸರ್" ಅಂತ ಹೇಳಿ ದುಡ್ಡು ತೆಗೆದುಕೊಂಡು ಹೋದರು. ಮೂರು ವಾರ ಕುಡಿದೆವು. ಐದು ವರ್ಷದ ಮಗಳೂ ಕುಡಿದಳು. ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ಆ ಹಾಳೆಗಳು ತೆಗೆಯುವುದು ಮೇಲೆ ತೇಲುವ ಎಣ್ಣೆಯನ್ನು. ಪೆಟ್ರೋಲಿನಲ್ಲಿರುವ ಬೆಂಜೀನ್ ನೀರಿನಲ್ಲೇ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು. ಕುದಿಸಿದರೆ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಕರಗಿದ್ದನ್ನು ಹಿಡಿಯಲು ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು ಬೇಕು, ಅದನ್ನೂ ಹೊತ್ತಿಗೆ ಸರಿಯಾಗಿ ಬದಲಿಸುತ್ತಿರಬೇಕು.

ನಾನು ಮೊದಲು ಮಾಡಿಸಿದ ಪರೀಕ್ಷೆಯಲ್ಲಿ ಗಡಸುತನ, ಬ್ಯಾಕ್ಟೀರಿಯಾ ಇಷ್ಟೇ ನೋಡಿದ್ದರು. "ಕುಡಿಯಲು ಯೋಗ್ಯ" ಅಂತ ಬಂತು. ನೀವು ಬೆಂಜೀನ್, ಪೆಟ್ರೋಲಿನದೇ ಇನ್ನೊಂದು ಅಂಶವಾದ ಟಾಲುವೀನ್ ನೋಡಿ ಅಂತ ಹೆಸರು ಹಿಡಿದು ಕೇಳಿ. ಲ್ಯಾಬಿನವರು ಕೊಡುವ ಗಾಜಿನ ಬಾಟಲಿಯಲ್ಲಿ ಗುಳ್ಳೆ ಉಳಿಯದಂತೆ ಕಂಠಮಟ್ಟ ತುಂಬಿಸಿ. ಅರ್ಧ ತುಂಬಿದರೆ ಬೆಂಜೀನ್ ಬಾಟಲಿಯ ಗಾಳಿಗೆ ಹೋಗಿ ಲೆಕ್ಕ ತಪ್ಪುತ್ತದೆ.

ಜೂನ್ ಮಳೆಗೆ ಬಾವಿ ತುಂಬಿತು, ಪೊರೆಯೂ ವಾಪಸ್ ಬಂತು. ಮುರಕಲ್ಲಿನ ತೂತುಗಳಲ್ಲಿ ಕೂತಿದ್ದ ಎಣ್ಣೆಯನ್ನು ಏರಿದ ನೀರು ಎತ್ತಿಕೊಂಡು ಬಂದಿತ್ತು. 2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ ನೆಲದಡಿಯ ಪೈಪು ಸೋರಿ ಅಂತರ್ಜಲಕ್ಕೆ ಎಣ್ಣೆ ಸೇರಿದಾಗ ಶುದ್ಧೀಕರಣ ವರ್ಷಗಟ್ಟಲೆ ನಡೆಯಿತು. ಸೋರಿಕೆ ನಿಲ್ಲಿಸದೆ, ಮಣ್ಣು ನೋಡದೆ, ನಾಲ್ಕು ಹಾಳೆ ಇಳಿಸಿ ಮುಗಿಯುವ ಕೆಲಸ ಅಲ್ಲ ಇದು.

ವಾಸನೆ ಬಂದ ಕೂಡಲೇ ಪಂಪ್ ಹಾಕುವುದನ್ನು ನಿಲ್ಲಿಸಿ, ಬೆಂಕಿ ಹತ್ತಲು ಒಂದು ಕಿಡಿ ಸಾಕು. ಯಾರನ್ನೂ ಬಾವಿಗೆ ಇಳಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಳಸಿದ ಹಾಳೆಗಳನ್ನು ಸ್ವಚ್ಛ ಮಾಡಲು ಬಂದವರೇ ಒಯ್ಯಬೇಕು ಅಂತ ಮೊದಲೇ ಬರೆಸಿಕೊಳ್ಳಿ. ನಾವು ಬರೆಸಿಕೊಳ್ಳಲಿಲ್ಲ, ಈಗ ಅವರು ಫೋನ್ ಎತ್ತುವುದಿಲ್ಲ. ಬಚ್ಚಲ ಒಲೆಗೆ ಹಾಕಿಬಿಡಿ ಅಂದರು ಪಕ್ಕದ ಮನೆಯವರು. ಹಾಕಲಿಲ್ಲ. ಕೊಟ್ಟಿಗೆಯಿಂದ ದೂರ, ಮುಚ್ಚಳ ಬಿಗಿದ ಡ್ರಮ್ಮಿನಲ್ಲಿ ಇಟ್ಟಿದ್ದೇವೆ.