ಮೂರು ಮಳೆಗಾಲ, ಒಂದೂವರೆ ಡಬ್ಬಿ ಮೇಣ

ಕಾರಿನ ಮೈಗೆ ಹಚ್ಚುವ ಈ ಕಾರ್ನೌಬಾ ಮೇಣದ ಬಗ್ಗೆ 2023ರಲ್ಲಿ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. 2024ರ ಜುಲೈಯಲ್ಲಿ ಬರೆಯಲು ಕುಳಿತಿದ್ದರೆ ಡಬ್ಬಿಯನ್ನು ಹಾರಂಗಿ ಹಿನ್ನೀರಿಗೆ ಎಸೆಯಿರಿ ಎಂದು ಸಲಹೆ ಕೊಡುತ್ತಿದ್ದೆ. ಈಗ ಕೋಪ ಇಳಿದಿದೆ. ಎರಡನೆಯ ಡಬ್ಬಿ ಅರ್ಧ ಖಾಲಿಯಾಗಿದೆ ಎಂಬುದೇ ನನ್ನ ಅಭಿಪ್ರಾಯಕ್ಕೆ ಸಾಕ್ಷಿ, ಆದರೆ ಕಥೆ ಅಷ್ಟು ನೇರವಾಗಿಲ್ಲ.

200 ಗ್ರಾಂ ಡಬ್ಬಿ, 650 ರೂಪಾಯಿ ಕೊಟ್ಟು 2022ರ ಅಕ್ಟೋಬರ್‌ನಲ್ಲಿ ತರಿಸಿಕೊಂಡದ್ದು. ಡಬ್ಬಿಯ ಮೇಲೆ ಬರೆದಿರುವುದನ್ನೆಲ್ಲ ಕೊಳ್ಳುವ ಮೊದಲು ನೀವೇ ಓದಿರುತ್ತೀರಿ. ನಾನು ಸೋಮವಾರಪೇಟೆ ಕಡೆಯ ಮೇಷ್ಟ್ರು. ಎರಡು ಎಕರೆ ಕಾಫಿ, ಒಂದು ಹಳೆಯ ಕಪ್ಪು ಕಾರು. ಕಪ್ಪು ಬೇಕೆಂದು ಆರಿಸಿದ್ದಲ್ಲ, ನನ್ನ ಕೈಗೆಟಕುವ ಬೆಲೆಯಲ್ಲಿ ಸಿಕ್ಕಿದ ಕಾರು ಕಪ್ಪಾಗಿತ್ತು. ಕಪ್ಪು ಕಾರು ಇಟ್ಟುಕೊಂಡವರಿಗೆ ಮಾತ್ರ ಗೊತ್ತು, ಅದು ಏನನ್ನೂ ಮುಚ್ಚಿಡುವುದಿಲ್ಲ.

ಮೇಣ ಕೊಂಡದ್ದು ಸಿಟ್ಟಿನಿಂದ. ಅದುವರೆಗೆ ತಿಂಗಳಿಗೊಮ್ಮೆ ಪೇಟೆಯ ಒಂದು ವಾಟರ್ ಸರ್ವೀಸ್‌ಗೆ ಕಾರು ಬಿಡುತ್ತಿದ್ದೆ. ಒಂದು ದಿನ ಬೇಗ ಹೋಗಿ ಅಲ್ಲೇ ನಿಂತು ನೋಡಿದೆ. ಕಾಫಿ ಮೂಟೆ ಹೊತ್ತು ಬಂದ ಜೀಪಿನ ಚಕ್ರದ ಕೆಸರನ್ನು ಒರೆಸಿದ ಬನಿಯನ್ ವೇಸ್ಟನ್ನೇ ಹುಡುಗ ಹಿಂಡಿ ನನ್ನ ಬಾನೆಟ್ಟಿನ ಮೇಲೆ ಗರಗರ ತಿರುಗಿಸಿದ. ಅವನ ತಪ್ಪಲ್ಲ, ಅವನಿಗೆ ಕೊಟ್ಟದ್ದು ಅದೊಂದೇ ಬಟ್ಟೆ. ಸಂಜೆ ಇಳಿಬಿಸಿಲಿನಲ್ಲಿ ಬಾನೆಟ್ ನೋಡಿದರೆ ಜೇಡ ಬಲೆ ನೇಯ್ದ ಹಾಗೆ ಸುತ್ತಸುತ್ತ ಗೀರುಗಳು. ಬಣ್ಣದ ಮೇಲಿರುವ ಪಾರದರ್ಶಕ ಪದರ ಸಾಮಾನ್ಯವಾಗಿ 50 ಮೈಕ್ರಾನಿನ ಆಸುಪಾಸು ಇರುತ್ತದೆ, ತಲೆಗೂದಲಿಗಿಂತ ತೆಳು. ಅದರ ಮೇಲೆ ಜಂಬಿಟ್ಟಿಗೆ ಮಣ್ಣಿನ ಹರಳುಗಳನ್ನಿಟ್ಟು ಉಜ್ಜಿದರೆ ಉಳಿಯುವುದೇನು?

ಹಾಗೆ ಮನೆಯಲ್ಲೇ ತೊಳೆಯುವ ವ್ರತ ಶುರುವಾಯಿತು. ಎರಡು ಬಕೆಟ್, ಒಂದು ಮೈಕ್ರೋಫೈಬರ್ ಗವಸು, ಒಂದು ಬಾಟಲಿ ಕಾರ್ ಶಾಂಪೂ. ಪಾತ್ರೆ ತೊಳೆಯುವ ದ್ರವ ಬೇಡ. ಜಿಡ್ಡು ತೆಗೆಯುವುದೇ ಅದರ ಕೆಲಸವಾದ್ದರಿಂದ ಮೇಣವನ್ನೂ ಬಳಿದುಕೊಂಡು ಹೋಗುತ್ತದೆ. ಒಂದು ಬಕೆಟ್ಟಿನಲ್ಲಿ ಶಾಂಪೂ ನೊರೆ, ಇನ್ನೊಂದರಲ್ಲಿ ಬರೀ ನೀರು. ಗವಸನ್ನು ನೊರೆಯಲ್ಲಿ ಅದ್ದಿ ಒಂದು ಬಾಗಿಲು ತೊಳೆಯುವುದು, ಬರೀ ನೀರಿನಲ್ಲಿ ಜಾಲಿಸಿ ಮಣ್ಣು ಬಿಡಿಸುವುದು, ಆಮೇಲಷ್ಟೇ ಮತ್ತೆ ನೊರೆಗೆ. ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ, ಒತ್ತದೆ. ಚಕ್ರ ಮತ್ತು ಕೆಳ ಅಂಚು ಕೊನೆಗೆ, ಅದೂ ಬೇರೆ ಬಟ್ಟೆಯಲ್ಲಿ.

ಬರೀ ನೀರಿನ ಬಕೆಟ್ಟಿನ ತಳದಲ್ಲಿ ಒಂದು ಜಾಲರಿ ಇರಬೇಕು. ಅದರ ಕೆಳಗೆ ಇಳಿದ ಮಣ್ಣು ಮತ್ತೆ ಮೇಲೇಳುವುದಿಲ್ಲ. ಅದಕ್ಕೆಂದೇ ಮಾಡಿದ ಜಾಲರಿ ಮಾರುಕಟ್ಟೆಯಲ್ಲಿದೆ, ನಾನು ಕಡುಬಿನ ಪಾತ್ರೆಯ ತೂತಿನ ತಟ್ಟೆಯನ್ನು ಇಳಿಸಿದೆ. ಅಳತೆ ಮಾಡಿಸಿದ ಹಾಗೆ ಕೂತಿತು. ಮುಂದಿನ ಭಾನುವಾರ ಕಡುಬಿಗೆ ಅಕ್ಕಿತರಿ ಸಿದ್ಧವಾದ ಮೇಲೆ ಮನೆಯಲ್ಲಿ ಆದದ್ದನ್ನು ಬರೆಯುವುದಿಲ್ಲ. ಹೊಸ ತಟ್ಟೆಯ 180 ರೂಪಾಯಿಯನ್ನು ಮಾತ್ರ ಈ ಮೇಣದ ಒಟ್ಟು ಖರ್ಚಿಗೆ ಸೇರಿಸಿಕೊಳ್ಳಿ.

ತೊಳೆದು ಮುಗಿಸಿ ನೀರು ಚೆಲ್ಲಿದಾಗ ತಟ್ಟೆಯ ಕೆಳಗೆ ಕೆಂಪು ಗಸಿ ಉಳಿದಿರುತ್ತದೆ. ಹೊಸದರಲ್ಲಿ ಪ್ರತಿ ವಾರ ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದೆ. ಇಷ್ಟು ಮರಳು ಇಷ್ಟು ವರ್ಷ ಬಾನೆಟ್ಟಿನ ಮೇಲೆ ಆಡಿದೆಯಲ್ಲ ಎನಿಸುತ್ತಿತ್ತು.

ಇನ್ನು ಮೇಣ. ಬ್ರೆಜಿಲ್ಲಿನ ಈಶಾನ್ಯ ಭಾಗದ ಒಂದು ತಾಳೆಯ ಎಲೆಗಳಿಂದ ಬರುವ ಕಾರ್ನೌಬಾ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವ ಗಟ್ಟಿ ವಸ್ತು. ಅದನ್ನು ಎಣ್ಣೆ, ದ್ರಾವಕಗಳೊಂದಿಗೆ ಬೆರೆಸಿ ಮೆತ್ತಗೆ ಮಾಡಿದರೆ ಮಾತ್ರ ಕೈಯಲ್ಲಿ ಹಚ್ಚಲು ಬರುತ್ತದೆ. ಆದ್ದರಿಂದ ಯಾವ ಡಬ್ಬಿಯ ಮೇಲಾದರೂ ನೂರಕ್ಕೆ ನೂರು ಎಂದಿದ್ದರೆ ನಂಬಿ ಕೂರಬೇಡಿ. ಹಚ್ಚುವಾಗ ನಾನು ಮಾಡಿದ ಮೊದಲ ತಪ್ಪು ಬಿಸಿ ಅಕ್ಕಿರೊಟ್ಟಿಗೆ ಬೆಣ್ಣೆ ಬಳಿದಂತೆ ಬಳಿದದ್ದು. ದಪ್ಪಗೆ ಹಚ್ಚಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸಿ ತೆಗೆಯುವ ಕಷ್ಟ ಮಾತ್ರ ಹೆಚ್ಚುತ್ತದೆ. ಸ್ಪಂಜಿನ ಮೇಲೆ ಉಗುರಿನಷ್ಟು ತೆಗೆದುಕೊಂಡರೆ ಒಂದು ಬಾಗಿಲಿಗೆ ಧಾರಾಳ. ಮೊದಲ ಡಬ್ಬಿಯ ಕಾಲುಭಾಗ ಈ ಪಾಠಕ್ಕೇ ಹೋಯಿತು.

ಡಿಸೆಂಬರ್ ಬೆಳಗಿನ ಎಳೆಬಿಸಿಲಿನಲ್ಲಿ, ಸಿಲ್ವರ್ ಓಕ್ ನೆರಳಿನಿಂದ ಆಚೆ ಶೆಡ್ಡಿನ ಕೆಳಗೆ ಕಾರು ನಿಲ್ಲಿಸಿ ಹಚ್ಚಿದರೆ ಈ ಮೇಣದಷ್ಟು ಹಿತವಾದದ್ದು ಬೇರೆ ಇಲ್ಲ. ತೆಳ್ಳಗೆ ಬಿಳಿ ಮಂಜು ಕಟ್ಟುತ್ತದೆ. ಬೆರಳೆಳೆದು ನೋಡಿದಾಗ ಗೆರೆ ಸ್ವಚ್ಛವಾಗಿ ಮೂಡಿದರೆ ಒರೆಸಬಹುದು, ಬೆರಳ ಹಿಂದೆ ಜಿಡ್ಡು ಕದಡಿದರೆ ಇನ್ನೂ ಕಾಯಬೇಕು. ಬೆರಳೆಳೆಯುವ ಈ ಕೆಲಸ ಮಗಳದು. "ಆಗಿದೆ ಅಪ್ಪ" ಎಂದು ಅವಳು ತೀರ್ಪು ಕೊಡುವ ತನಕ ನಾನು ಬಟ್ಟೆ ಮುಟ್ಟುವಂತಿಲ್ಲ. ಹಳೆಯ ಗೀರುಗಳು ಹೋಗುವುದಿಲ್ಲ, ಅದು ಮೇಣದ ಕೆಲಸವೂ ಅಲ್ಲ. ಆದರೆ ಅವುಗಳ ಚೂಪು ಸ್ವಲ್ಪ ಮಬ್ಬಾಗುತ್ತದೆ, ಕಪ್ಪಿಗೆ ಒಂದು ಆಳ ಬರುತ್ತದೆ.

2023ರಲ್ಲಿ ಮಳೆ ಕೈಕೊಟ್ಟಿತು, ಮೇಣ ಕೈಹಿಡಿಯಿತು. ಮೇ ಕೊನೆಯಲ್ಲಿ ಹಚ್ಚಿದ್ದು ಆಗಸ್ಟ್‌ನಲ್ಲೂ ನೀರನ್ನು ಮಣಿಮಣಿಯಾಗಿ ಉರುಳಿಸುತ್ತಿತ್ತು. ಸಿಕ್ಕಸಿಕ್ಕವರಿಗೆಲ್ಲ ಶಿಫಾರಸು ಮಾಡಿದೆ. ಸ್ಟಾಫ್ ರೂಮಿನಲ್ಲಿ ಇಬ್ಬರು ತರಿಸಿಕೊಂಡರು ಕೂಡ.

ಮರುವರ್ಷದ ಪುನರ್ವಸು ಮಳೆ ನನ್ನ ಬಾಯಿ ಮುಚ್ಚಿಸಿತು. ಜೂನ್ ಆರಂಭದಲ್ಲಿ ಹಚ್ಚಿದ್ದ ಮೇಣ ಜುಲೈ ಎರಡನೆಯ ವಾರಕ್ಕೆ ಬಾನೆಟ್ಟಿನಿಂದ ಪೂರ್ತಿ ಹೋಗಿತ್ತು. ನೀರು ಉರುಳದೆ ಚಪ್ಪಟೆಯಾಗಿ ಹರಡತೊಡಗಿತು. ಒಂದು ಭಾನುವಾರ ಮಳೆ ಎರಡು ಗಂಟೆ ಬಿಡುವು ಕೊಟ್ಟಾಗ ಗಡಿಬಿಡಿಯಲ್ಲಿ ಇಡೀ ಕಾರಿಗೆ ಒಟ್ಟಿಗೇ ಹಚ್ಚಿದೆ. ಡಬ್ಬಿಯ ಮೇಲೆ "10 ನಿಮಿಷ ಕಾಯಿರಿ" ಎಂದಿದೆ. ಹತ್ತು ಆಯಿತು, ಇಪ್ಪತ್ತಾಯಿತು, ಮುಕ್ಕಾಲು ಗಂಟೆಯಾಯಿತು. ಉಪ್ಪಿನ ಭರಣಿಯಲ್ಲೇ ನೀರೊಡೆಯುವ ಕಾಲದಲ್ಲಿ ಮೇಣ ಒಣಗುವುದು ಹೇಗೆ? ಮಗಳು ಮೂರು ಸಲ ಬೆರಳೆಳೆದು ಮೂರು ಸಲವೂ "ಇಲ್ಲ" ಎಂದಳು. ಅಷ್ಟರಲ್ಲಿ ಎದುರಿನ ಬೆಟ್ಟ ಮಂಜಿನಲ್ಲಿ ಮುಚ್ಚಿಹೋಯಿತು. ಅವಳ ಮಾತು ಮೀರಿ ಒರೆಸಿದೆ. ಮರುದಿನ ನೋಡಿದರೆ ಎಣ್ಣೆಗೈಯಲ್ಲಿ ಕನ್ನಡಿ ಒರೆಸಿದಂತಿತ್ತು. ಒಂದು ಕಡೆ ಹೊಳಪು, ಪಕ್ಕದಲ್ಲೇ ಮಸಿ. ಬಂಪರಿನ ಕಪ್ಪು ಪ್ಲಾಸ್ಟಿಕ್ಕಿಗೆ ತಾಗಿದ ಮೇಣ ಬಿಳಿಯಾಗಿ ಗಟ್ಟಿಕಟ್ಟಿತ್ತು. ಹಳೆಯ ಟೂತ್‌ಬ್ರಶ್ ಹಿಡಿದು ಬಿಸಿ ಸೋಪಿನ ನೀರಲ್ಲಿ ಮೂರು ಸಲ ಉಜ್ಜಿದರೂ ಅಕ್ಷರಗಳ ಸಂದಿಯಲ್ಲಿ ಇಂದಿಗೂ ಒಂದಿಷ್ಟು ಉಳಿದಿದೆ. ಈಗ ಹಚ್ಚುವ ಮೊದಲು ಪೇಂಟರುಗಳು ಬಳಸುವ ಕಾಗದದ ಟೇಪನ್ನು ಪ್ಲಾಸ್ಟಿಕ್ಕಿಗೆಲ್ಲ ಅಂಟಿಸುತ್ತೇನೆ. ಈ ಒಂದು ಸಾಲನ್ನು ಡಬ್ಬಿಯ ಮೇಲೆ ಮುದ್ರಿಸಲು ಮಾಡಿದವರಿಗೆ ಜಾಗವಿರಲಿಲ್ಲವೇ? "ಕನ್ನಡಿಯಂಥ ಹೊಳಪು" ಎಂದು ನಾಲ್ಕು ಕಡೆ ಬರೆಯಲು ಜಾಗವಿತ್ತು.

ಅದೇ ತಿಂಗಳು ಇನ್ನೊಂದು ಅನಾಹುತ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ. ಮೈಕ್ರೋಫೈಬರ್ ಬಟ್ಟೆಗಳನ್ನೂ ಅಲ್ಲೇ ನೇತುಹಾಕಿದೆ. ಒಂದರ ಮೂಲೆ ಉರಿಗೆ ಹತ್ತಿರವಾಗಿ ಸುರುಟಿಕೊಂಡು ಕಾಳಿನಂತೆ ಗಟ್ಟಿಯಾದದ್ದನ್ನು ಗಮನಿಸಲಿಲ್ಲ. ಅದು ಹತ್ತಿಯಲ್ಲ, ಪಾಲಿಯೆಸ್ಟರ್. ಕರಗಿ ಗಟ್ಟಿಯಾದರೆ ಉಗುರಿನ ಹಾಗೆ ಗೀರುತ್ತದೆ. ಡಿಕ್ಕಿಯ ಮೇಲೆ ಒಂದು ಗೇಣುದ್ದದ ಗೆರೆ ಅದರದೇ. ಇದಕ್ಕೆ ಮೇಣವನ್ನು ದೂರುವಂತಿಲ್ಲ, ಆದರೂ ಆವತ್ತು ದೂರಿದೆ.

ಆ ಜುಲೈ ಒಂದು ಒಳ್ಳೆಯದನ್ನೂ ಕೊಟ್ಟಿತು, ಈ ವಿಮರ್ಶೆ ಬರೆಯಲು ನಿಜವಾದ ಕಾರಣ ಅದು. ಮಸಿ ಹಿಡಿದ ಕಾರನ್ನು ನೋಡಲಾಗದೆ ಒಂದು ಮಧ್ಯಾಹ್ನ ಶೆಡ್ಡಿನಿಂದ ಹೊರಗೆ ತಂದು ಜಡಿಮಳೆಯಲ್ಲಿ ನಿಲ್ಲಿಸಿ ಒಳಗೆ ಕಾಫಿ ಕುಡಿಯುತ್ತ ಕೂತೆ. ಅರ್ಧ ಗಂಟೆಯ ನಂತರ ನೋಡಿದರೆ ಬಾಗಿಲಿಗೆ ಮೆತ್ತಿದ್ದ ಕೆಸರು ನೆನೆದು ತಾನಾಗಿ ಇಳಿಯುತ್ತಿತ್ತು. ಬಲವಾಗಿ ನೀರು ಹೊಡೆಯುವ ಯಂತ್ರಕ್ಕೆ ಏಳೆಂಟು ಸಾವಿರ ಹೊಂದಿಸುವ ಯೋಚನೆಯಲ್ಲಿದ್ದೆ. ಆ ಕೆಲಸವನ್ನು ಪುಷ್ಯ ಮಳೆ ಪುಕ್ಕಟೆ ಮಾಡುತ್ತಿತ್ತು. ರೈನ್‌ಕೋಟ್ ಹಾಕಿಕೊಂಡು ಎರಡು ಬಕೆಟ್ ಹಿಡಿದು ಇಳಿದೆ.

ಯೋಚಿಸಿ ನೋಡಿ. ಕಾರು ತೊಳೆಯುವಾಗ ತಗಡು ಬಿಸಿಯಾಗಿರಬಾರದು, ಶಾಂಪೂ ಒಣಗಬಾರದು, ಬಿಸಿಲು ಬೀಳಬಾರದು. ಮಳೆಯಲ್ಲಿ ಮೂರೂ ತಾವಾಗಿ ಆಗುತ್ತವೆ. ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ನೀರು ಬಾನೆಟ್ಟಿನ ಮೇಲೆ ಒಣಗಿದರೆ ಸುಣ್ಣದ ಬಿಳಿ ಬೊಟ್ಟು ಬಿಡುತ್ತದೆ. ಮಳೆನೀರಿನಲ್ಲಿ ಲವಣ ತೀರ ಕಡಿಮೆಯಾದ್ದರಿಂದ ಆ ಕಾಟವಿಲ್ಲ. ಮಳೆಗಾಲ ಹಿಡಿದು ಮಾಡಿನ ಕೊಳೆ ತೊಳೆದುಹೋದ ಮೇಲೆ ಸೂರಿನ ನೀರನ್ನು ಎರಡು ಡ್ರಮ್ಮಿಗೆ ಬಿಟ್ಟುಕೊಳ್ಳುತ್ತೇನೆ, ಕೊನೆಯ ಜಾಲಾಟಕ್ಕೆ ಅದೇ. ಪಕ್ಕದ ತೋಟದ ಹಿರಿಯರು ಕೊಡೆ ಹಿಡಿದು ಹೋಗುತ್ತಿದ್ದವರು ಗೇಟಿನ ಬಳಿ ನಿಂತೇಬಿಟ್ಟರು. "ಏನು ಮೇಷ್ಟ್ರೇ, ಇಷ್ಟು ಮಳೆ ಸಾಲದು ಎಂದು ನೀವೂ ನೀರು ಹಾಕುತ್ತಿದ್ದೀರಾ?" ಊರಿಗೆಲ್ಲ ಸುದ್ದಿಯಾಯಿತು. ಆಗಲಿ. ಜಿಗಣೆ ಕಾಲಿಗೆ ಹತ್ತುವುದೊಂದು ಬಿಟ್ಟರೆ ಇದರಲ್ಲಿ ನನಗೆ ಯಾವ ಕೊರತೆಯೂ ಕಂಡಿಲ್ಲ. ಮಳೆ ತಗಡಿಗೆ ಬಡಿಯುವ ಸದ್ದು, ಕೈಯಲ್ಲಿ ಬೆಚ್ಚಗಿನ ನೊರೆ (ಶಾಂಪೂ ಬಕೆಟ್ಟಿಗೆ ಬಚ್ಚಲ ಹಂಡೆಯಿಂದ ಎರಡು ಚೊಂಬು ಬಿಸಿನೀರು ಬೆರೆಸುತ್ತೇನೆ), ಪಾಠ ಯೋಜನೆ, ದಾಖಲಾತಿ ಯಾವುದೂ ನೆನಪಾಗದ ಮುಕ್ಕಾಲು ಗಂಟೆ.

ಮೇಣಕ್ಕೆ ಮರಳುತ್ತೇನೆ. 2025ರಲ್ಲಿ ಮೇ ಕೊನೆಗೇ ಮಳೆ ನುಗ್ಗಿತು. ಅಷ್ಟು ಹೊತ್ತಿಗೆ ಜಾಣನಾಗಿದ್ದೆ. ಮಳೆಗಾಲಕ್ಕೆ ಮೇಣದ ಹಾಗೆಯೇ ಬಣ್ಣ ಕಾಯುವ ಸಿಂಥೆಟಿಕ್ ಸೀಲೆಂಟ್ ತಂದೆ. ತೊಳೆದ ಒದ್ದೆ ಮೈಮೇಲೆ ಸಿಂಪಡಿಸಿ ನೀರು ಹೊಡೆದರೆ ಮುಗಿಯಿತು, ಒಣಗುವ ಗೊಡವೆಯಿಲ್ಲ. ಬಾಳಿಕೆಯೂ ಮೇಣಕ್ಕಿಂತ ಹೆಚ್ಚು. ನ್ಯಾಯವಾಗಿ ನೋಡಿದರೆ ವರ್ಷವಿಡೀ ಅದನ್ನೇ ಬಳಸಬೇಕು. ಆದರೆ ಅದರಲ್ಲಿ ಬೆರಳೆಳೆದು ತೀರ್ಪು ಕೊಡುವುದಕ್ಕೆ ಏನೂ ಇಲ್ಲ. ಮಗಳಿಗೆ ಅದು ಸೇರಲಿಲ್ಲ, ನನಗೂ ಅಷ್ಟಕ್ಕಷ್ಟೆ.

ಹಾಗಾಗಿ ಮೇಣಕ್ಕೆ ಅಕ್ಟೋಬರ್‌ನಿಂದ ಮೇ ತನಕದ ಪಾಳಿ. ಆಯುಧಪೂಜೆ ಮುಗಿದ ವಾರ ಮೊದಲ ಸಲ. ಪೂಜೆಯ ಅರಿಸಿನ, ಕುಂಕುಮ, ವಿಭೂತಿಯನ್ನು ಒಣಬಟ್ಟೆಯಲ್ಲಿ ಒರೆಸಿದರೆ ಅದೂ ಒಂದು ಉಜ್ಜುಕಾಗದವೇ, ನೀರು ಹರಿಸಿಯೇ ತೆಗೆಯಬೇಕು. ಅಮ್ಮನೊಂದಿಗೆ ಒಪ್ಪಂದವಾಗಿದೆ: ಬೊಟ್ಟು ಮುಂದಿನ ಗಾಜಿಗೆ ಮತ್ತು ನಂಬರ್ ಪ್ಲೇಟಿಗೆ ಮಾತ್ರ. ದೇವರಿಗೆ ಅಡ್ಡಿಯಿರಲಾರದು ಎಂದು ಅವರೇ ಹೇಳಿದರು.

ಮೇಣ ತನ್ನ ಬೆಲೆಯನ್ನು ನಿಜವಾಗಿ ತೀರಿಸುವುದು ಕಾಫಿ ಹೂವಿನ ಕಾಲದಲ್ಲಿ. ಕಾಫಿಯನ್ನು ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ವಾರ ಜೇನುನೊಣಗಳು ಕಾರಿನ ಮೇಲೆಲ್ಲ ಹಳದಿ ಚುಕ್ಕೆ ಹಾಕಿ ಹೋಗುತ್ತವೆ. ಪರಾಗವೆಂದು ತಿಳಿದಿದ್ದೆ, ಅದು ನೊಣದ ಹಿಕ್ಕೆ. ಬಿಸಿಲಿಗೆ ಒಣಗಿದರೆ ಅಂಟಿನಂತೆ ಹಿಡಿಯುತ್ತದೆ. ಮೇಣವಿಲ್ಲದ ವರ್ಷ ಅದನ್ನು ಕೆರೆದು ಬಣ್ಣ ಕೆಡಿಸಿಕೊಂಡಿದ್ದೆ. ಮೇಣವಿದ್ದರೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿಟ್ಟು ಮೆಲ್ಲಗೆ ಎತ್ತಿದರೆ ಚುಕ್ಕೆ ಬಟ್ಟೆಯೊಂದಿಗೇ ಬರುತ್ತದೆ. ಹಕ್ಕಿ ಹಿಕ್ಕೆಗೂ ಇದೇ ಉಪಾಯ. ಹಲಸಿನ ಮೇಣಕ್ಕೆ ಮಾತ್ರ ಈ ಮೇಣ ನಡೆಯುವುದಿಲ್ಲ, ಆ ಮರದಡಿ ಕಾರು ನಿಲ್ಲಿಸಲೇಬೇಡಿ.

ಮೈಸೂರು, ಹಾಸನದ ಕಡೆಯವರು ಕಣ್ಣುಮುಚ್ಚಿ ಕೊಳ್ಳಬಹುದು. ಕುಶಾಲನಗರದವರಿಗೂ ನಡೆದೀತು, ಅಲ್ಲಿ ಮಳೆ ನಮ್ಮಷ್ಟಿಲ್ಲ. ಮಡಿಕೇರಿ, ಭಾಗಮಂಡಲದವರು ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಳವನ್ನೇ ತೆಗೆಯಬೇಡಿ. ಹಚ್ಚುವ ಸ್ಪಂಜನ್ನು ಡಬ್ಬಿಯೊಳಗೇ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಬೇರೆ ಇಡಿ. ಹಣ ಕಡಿಮೆಯಿದ್ದರೆ ಮೊದಲು ಬಕೆಟ್ ಮತ್ತು ಗವಸು ಕೊಳ್ಳಿ, ಮೇಣ ಆಮೇಲೆ ನೋಡಿದರಾಯಿತು. ನನ್ನಿಂದ ಮೂರೂವರೆ ನಕ್ಷತ್ರ. ಆ ಅರ್ಧ ಮಗಳದು.

ಕಳೆದ ವಾರ ಹೂಮಳೆ ಆಯಿತು. ಬಾನೆಟ್ ತುಂಬ ಹಳದಿ ಚುಕ್ಕೆ. ಒದ್ದೆ ಬಟ್ಟೆ ಹಾಸಿ ಬಂದು ಇದನ್ನು ಬರೆಯುತ್ತಿದ್ದೇನೆ, ಐದು ನಿಮಿಷ ಎಂದೋ ಕಳೆದಿದೆ.