ಎಚ್‌ಪಿ-35: ಸಮ ಚಿಹ್ನೆಯಿಲ್ಲದ ಕ್ಯಾಲ್ಕುಲೇಟರ್

ಹ್ಯೂಲೆಟ್-ಪ್ಯಾಕರ್ಡ್ (ಎಚ್‌ಪಿ) ಕಂಪನಿಯಿಂದ 1972ರಲ್ಲಿ 395 ಡಾಲರ್ ಬೆಲೆಗೆ ಬಂದು, ಎಂಜಿನಿಯರುಗಳ ಕೈಯಲ್ಲಿದ್ದ ಸ್ಲೈಡ್ ರೂಲನ್ನು (ಜಾರುವ ಪಟ್ಟಿಯಿಂದ ಲೆಕ್ಕ ಹಾಕುವ ಅಳತೆಕೋಲನ್ನು) ಮೂಲೆಗೆ ಸರಿಸಿದ ಎಚ್‌ಪಿ-35, ನನ್ನ ಸಂಗ್ರಹದಲ್ಲಿ ನಾನು ಇಂದಿಗೂ ಬಳಸುವ ಯಂತ್ರ. ಇದರ 35 ಕೀಲಿಗಳಲ್ಲಿ ಸಮ ಚಿಹ್ನೆಯೇ ಇಲ್ಲ; 3, ಎಂಟರ್, 4 ಒತ್ತಿ ಕೊನೆಗೆ ಕೂಡುವ ಚಿಹ್ನೆಯನ್ನು ಒತ್ತಿದರೆ ಕೆಂಪು ಎಲ್‌ಇಡಿಯಲ್ಲಿ 7 ಮೂಡುತ್ತದೆ. ಮೊದಲಿಗೆ ಇದು ತಲೆಕೆಳಗೆನಿಸಿದರೂ, ಆವರಣ ಚಿಹ್ನೆಗಳ ಗೋಜಿಲ್ಲದೆ ಉದ್ದನೆಯ ಲೆಕ್ಕವೂ ಸಲೀಸಾಗಿ ಸಾಗುವುದನ್ನು ಕಂಡವರಿಗೆ ಬೇರೆ ಕ್ಯಾಲ್ಕುಲೇಟರ್ ಹಿಡಿಯಲು ಮನಸ್ಸಾಗದು. ಬಿಸಿಲಿನಲ್ಲಿ ಮಾತ್ರ ಅಂಕಿಗಳನ್ನು ಓದುವುದು ಕಷ್ಟ.

ಆರಂಭದ ಕೆಲವು ಯಂತ್ರಗಳು 2.02ರ ಸ್ವಾಭಾವಿಕ ಲಾಗರಿದಮ್ ತೆಗೆದು, ಅದನ್ನು ಮತ್ತೆ ಮೂಲ ಸಂಖ್ಯೆಗೆ ಹಿಂದಿರುಗಿಸಿದರೆ 2.02ರ ಬದಲು ಬರೀ 2 ಎಂದು ತೋರಿಸುತ್ತಿದ್ದವು. ಸಂಗ್ರಾಹಕರಿಗೆ ಆ ತಪ್ಪೇ ಒಡವೆ. ಕೊಳ್ಳುವ ಮುನ್ನ ಬ್ಯಾಟರಿ ಗೂಡನ್ನು ತೆರೆದು, ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳು ಸೋರಿ ಒಳಗಿನ ಲೋಹದ ತುದಿಗಳು ಹಸಿರುಗಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬ್ಯಾಟರಿ ಹಾಕದೆ ಬರೀ ಚಾರ್ಜರಿನಿಂದಲೇ ಚಾಲೂ ಮಾಡಿ ನೋಡುವ ಆತುರದಲ್ಲಿ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗಳೇ ಕೆಟ್ಟುಹೋಗಬಹುದು.