ಸೆಕೆಂಡ್ ಹ್ಯಾಂಡ್ ಸ್ಕಿಡರ್ ಕೊಳ್ಳುವವರು ಮುಂಗಡ ಕೊಡೋ ಮುಂಚೆ ಇದನ್ನು ಓದಿ

ಬರೆಯಲೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದೆ. ಸ್ಕಿಡರ್ ಅಂದರೆ ಕಾಡಿನಲ್ಲಿ ಕಡಿದ ದಿಮ್ಮಿ ಎಳೆಯುವ ಗಾಡಿ. ಹನ್ನೊಂದು ವರ್ಷದಿಂದ ದಿಮ್ಮಿ ಎಳೆಯುವ ಕೆಲಸದಲ್ಲಿದ್ದೇನೆ. ನಾನೇ ಮೋಸ ಹೋದೆ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಆದರೆ ನನಗೆ ಹಳೇ ಸ್ಕಿಡರ್ ಮಾರಿದ ಮನುಷ್ಯ ನಾಳೆ ಇನ್ನೊಬ್ಬರಿಗೆ ಹೀಗೇ ಮಾಡುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ನೋಡೋಕೆ ಹೋದಾಗ ಗಾಡಿ ಆಗಲೇ ಸ್ಟಾರ್ಟ್ ಆಗಿ ನಿಂತಿತ್ತು. "ನೀವು ಬರ್ತೀರಂತ ಬಿಸಿ ಮಾಡಿಟ್ಟಿದ್ದೀನಿ ಸರ್" ಅಂದ. ಅಲ್ಲೇ ವಾಪಸ್ ಹೊರಡಬೇಕಿತ್ತು. ತಣ್ಣಗಿರುವ ಇಂಜಿನ್ ಎಷ್ಟು ಸಲ ತಿರುಗಿದ ಮೇಲೆ ಹತ್ತಿಕೊಳ್ಳುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ, ಅದನ್ನೇ ತಾನೇ ನಾವು ಮೊದಲು ನೋಡೋದು? ನೋಡೋಕೆ ಬಿಡಲೇ ಇಲ್ಲ.

ಮೈಯೆಲ್ಲಾ ಹೊಸ ಹಳದಿ ಪೇಂಟ್. ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್‌ನಲ್ಲಿ ನಾಲ್ಕು ಸಾವಿರ ಚಿಲ್ಲರೆ ಗಂಟೆ. ಪೆಡಲ್ ಮಾತ್ರ ಸವೆದು ನುಣ್ಣಗಾಗಿತ್ತು. ಕೇಳಿದೆ. "ಡ್ರೈವರ್ ಕಾಲು ಭಾರ ಸರ್" ಅಂದ. ಹೂಂ ಅಂದುಬಿಟ್ಟೆ. ವೈರ್ ರೋಪ್ ಸುತ್ತಿ ದಿಮ್ಮಿ ಎಳೆಯುವ ವಿಂಚ್ ತೋರಿಸಿದ್ದು ಸಮತಟ್ಟಾದ ಅಂಗಳದಲ್ಲಿ, ಒಂದೇ ಒಂದು ಸಣ್ಣ ದಿಮ್ಮಿ ಕಟ್ಟಿ. ಅದಕ್ಕೂ ಹೂಂ ಅಂದೆ.

ಗಾಡಿ ಕೊಂಡು ತಂದ ಮಾರನೆ ದಿನ ಬೆಳಿಗ್ಗೆ ಗ್ರೀಸ್ ಗನ್ ಹಿಡಿದು ಸೆಂಟರ್ ಜಾಯಿಂಟ್, ಅಂದರೆ ಗಾಡಿಯ ಹಿಂದು ಮುಂದು ಸೇರುವ ನಡುವಿನ ಕೀಲು, ಅದರ ಹತ್ತಿರ ಬಗ್ಗಿದೆ. ಗ್ರೀಸ್ ತುಂಬುವ ನಿಪ್ಪಲ್ ಕಾಣಿಸಲಿಲ್ಲ. ಬೆರಳಲ್ಲಿ ತಡವಿದೆ. ಪೇಂಟ್ ಕೆಳಗೆ ಸಣ್ಣ ಗುಬಟು ಸಿಕ್ಕಿತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದರೆ ನಿಪ್ಪಲ್ ಬಾಯಿ ತುಂಬಾ ಕಲ್ಲಿನಂಥ ಮಣ್ಣು, ಅದರ ಮೇಲೇ ಪೇಂಟ್ ಹೊಡೆದಿದ್ದಾನೆ. ಗನ್ ಒತ್ತಿದರೆ ಗ್ರೀಸ್ ಒಳಗೆ ಹೋಗದೆ ನನ್ನ ಕೈ ಮೇಲೇ ಬಂತು. "ದಿನಾ ನಾನೇ ನಿಂತು ಗ್ರೀಸ್ ಹೊಡೆಸ್ತೀನಿ" ಅಂದಿದ್ದನಲ್ಲ, ಆ ಮಾತು ಕಿವಿಯಲ್ಲಿ ಕೇಳಿದ ಹಾಗಾಯಿತು. ಮೈ ಉರಿದುಹೋಯಿತು.

ಸ್ಕಿಡರ್ ತಿರುಗುವುದೇ ನಡುವಿನಲ್ಲಿ ಮಡಚಿಕೊಂಡು. ಹೊರೆ ಆ ಜಾಯಿಂಟಿನ ಪಿನ್‌ಗಳ ಮೇಲೆ ಬೀಳುತ್ತದೆ. ಗ್ರೀಸ್ ಇಲ್ಲದಿದ್ದರೆ ಮೊದಲು ಪಿನ್ ಸುತ್ತಲಿನ ಬಳೆಯಂಥ ಬುಶ್ ಹೋಗುತ್ತದೆ, ಆಮೇಲೆ ಪಿನ್ ಫ್ರೇಮಿನ ತೂತನ್ನೇ ತಿಂದು ಮೊಟ್ಟೆ ಆಕಾರ ಮಾಡುತ್ತದೆ. ಇಲ್ಲಿ ಅದೂ ಆಗಿತ್ತು. ಇನ್ನಷ್ಟು ಕೆರೆದೆ. ಜಾಯಿಂಟ್ ಪಕ್ಕದಲ್ಲೇ ಹಳೇ ಬಿರುಕು, ಅದರ ಮೇಲೆ ಹೇಗೋ ಎಳೆದ ವೆಲ್ಡಿಂಗ್.

ಇದಕ್ಕಿಂತ ಕೆಟ್ಟದ್ದು ಮೂರನೇ ದಿನ ಆಯಿತು. ಇಳಿಜಾರಿನಲ್ಲಿ ನಾಲ್ಕು ದಿಮ್ಮಿ ಎಳೆದು ನಿಲ್ಲಿಸಿದರೆ ವಿಂಚ್ ಬ್ರೇಕ್ ಹಿಡಿಯಲೇ ಇಲ್ಲ. ವೈರ್ ರೋಪ್ ತಾನಾಗಿಯೇ ಬಿಚ್ಚಿಕೊಂಡು ದಿಮ್ಮಿಗಳು ಕೆಳಗೆ ಜಾರಿದವು. ನನ್ನ ಹುಡುಗ ಐದು ನಿಮಿಷದ ಹಿಂದೆ ಅಲ್ಲೇ ದಿಮ್ಮಿಗೆ ಬಿಗಿಯುವ ಚೋಕರ್ ಹಗ್ಗ ಕಟ್ಟುತ್ತಿದ್ದ. ದುಡ್ಡು ಹೋಗಲಿ, ಅವನಿಗೇನಾದರೂ ಆಗಿದ್ದರೆ?

ಫೋನ್ ಮಾಡಿದೆ. ಮೊದಲ ಸಲ "ನೋಡ್ತೀನಿ ಸರ್" ಅಂದ. ಎರಡನೇ ಸಲ "ಕೊಡುವಾಗ ಚೆನ್ನಾಗಿತ್ತು, ನೀವು ಓಡಿಸೋದು ಸರಿಯಿಲ್ಲ" ಅಂದ. ಮೂರು ದಿನದಲ್ಲಿ ನಾನು ಬುಶ್ ಸವೆಸಿದೆನಾ? ಬಿರುಕಿನ ಫೋಟೋ ಕಳಿಸಿದೆ. ಅದಕ್ಕೆ ಬಂದ ಉತ್ತರ ಒಂದೇ ಸಾಲು: "ನೋಡಿಯೇ ತಗೊಂಡ್ರಲ್ವಾ?" ಆಮೇಲೆ ಫೋನೇ ಎತ್ತಲಿಲ್ಲ. ನೋಡಿಯೇ ತಗೊಂಡೆ, ನಿಜ. ಆ ಮಾತೇ ಇನ್ನೂ ಚುಚ್ಚುತ್ತಿದೆ.

ದಯವಿಟ್ಟು ಕೇಳಿ. ಇಂಜಿನ್ ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಎದ್ದು ಬನ್ನಿ. ಮುಂದಿನ ಬ್ಲೇಡನ್ನು ನೆಲಕ್ಕೆ ಒತ್ತಿಸಿ, ಮುಂಭಾಗ ಎದ್ದಾಗ ಸೆಂಟರ್ ಪಿನ್ ಎಷ್ಟು ಅಲ್ಲಾಡುತ್ತದೆ ಅಂತ ಪಕ್ಕಕ್ಕೆ ನಿಂತು ನೋಡಿ. ಗಾಡಿ ಮಡಚಿಕೊಳ್ಳುವ ಆ ಜಾಗದ ಮಧ್ಯೆ ಮಾತ್ರ ಯಾರೂ ನಿಲ್ಲಬೇಡಿ. ಗೇರ್ ಆಯಿಲ್ ಸುಟ್ಟ ವಾಸನೆ ಇದೆಯಾ, ಹೈಡ್ರಾಲಿಕ್ ಆಯಿಲ್ ಹಾಲಿನಂತೆ ಬೆಳ್ಳಗಿದೆಯಾ, ಅಂದರೆ ನೀರು ಸೇರಿದೆಯಾ ನೋಡಿ. ವಿಂಚನ್ನು ಇಳಿಜಾರಿನಲ್ಲಿ, ನಿಜವಾದ ಭಾರ ಕಟ್ಟಿ, ಕೆಳಗೆ ಯಾರೂ ಇಲ್ಲದಾಗ ಪರೀಕ್ಷೆ ಮಾಡಿಸಿ. ಒಪ್ಪದಿದ್ದರೆ ಬೇಡವೇ ಬೇಡ. ಗ್ರೀಸ್ ಗನ್ ನೀವೇ ತೆಗೆದುಕೊಂಡು ಹೋಗಿ. ನಾನು ಒಯ್ದಿದ್ದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಈಗ ನನ್ನ ಗಾಡಿ ವರ್ಕ್‌ಶಾಪಿನಲ್ಲಿ ಎರಡು ತುಂಡಾಗಿ ನಿಂತಿದೆ. ತೂತುಗಳಿಗೆ ವೆಲ್ಡಿಂಗ್ ತುಂಬಿ ಮತ್ತೆ ಬೋರಿಂಗ್ ಮಾಡಬೇಕಂತೆ, ಅಂದರೆ ಸರಿಯಾದ ಅಳತೆಗೆ ಕೊರೆಯಬೇಕಂತೆ. ಮೊನ್ನೆ ಅವನು ಮಾರಾಟಕ್ಕೆ ಅಂತ ಇನ್ನೊಂದು ಸ್ಕಿಡರ್ ಫೋಟೋ ಹಾಕಿದ್ದಾನೆ. ಅದೇ ಹೊಸ ಹಳದಿ ಪೇಂಟ್. ಸೆಂಟರ್ ಜಾಯಿಂಟ್ ಕಾಣುವ ಫೋಟೋ ಒಂದೂ ಇಲ್ಲ.